ಕಾಲಿಗೆ ನೆಲ ಸಿಗದ ಕಡೆ

ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ಇನ್ನು ಮೂರು ವಾರ ಉಳಿದಿದೆ. ಪಣಜಿಯ ಮೀರಾಮಾರ್ ಕಡಲತೀರದಲ್ಲಿ ಸಮುದ್ರಕ್ಕಿಳಿದು 1.9 ಕಿ.ಮೀ. ಈಜಬೇಕು. ಒದ್ದೆ ಮೈಯಲ್ಲೇ ಸೈಕಲ್ ಏರಿ 90 ಕಿ.ಮೀ. ತುಳಿಯಬೇಕು. ಇಳಿದ ಮೇಲೆ 21.1 ಕಿ.ಮೀ. ಓಡಬೇಕು. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3, ಹೆಸರು ಬಂದದ್ದು ಹಾಗೆ. ಎಲ್ಲ ಸೇರಿ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. ಈಜಿಗೆ ಪ್ರತ್ಯೇಕವಾಗಿ 70 ನಿಮಿಷದ ಗಡುವಿದೆ. ಮೀರಿದರೆ ಆಟ ಅಲ್ಲಿಗೇ ಮುಗಿಯಿತು.

ಪುಣೆಯ ನಮ್ಮ ಆಫೀಸಿನಲ್ಲಿ ಈ ಲೆಕ್ಕ ಕೇಳಿದವರೆಲ್ಲ ‘ತೊಂಬತ್ತು ಕಿಲೋಮೀಟರ್ ಸೈಕಲ್ಲಾ!’ ಎಂದು ಹುಬ್ಬೇರಿಸುತ್ತಾರೆ. ನನ್ನ ಹೆದರಿಕೆ ಇರುವುದು ಮೊದಲ 1.9ರಲ್ಲಿ.

ನಾನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯವನು. ಬೋರ್‌ವೆಲ್ ಕೊರೆಸಿ ಬರೀ ಧೂಳು ಕಂಡವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಈಜು ಬಲ್ಲವರು ಊರಿಗೆ ನಾಲ್ಕು ಜನ. ನನಗೆ ಒಂಬತ್ತು ವರ್ಷವಿದ್ದಾಗ, ಅಪರೂಪಕ್ಕೆ ಕೆರೆ ತುಂಬಿದ ವರ್ಷ, ಪಕ್ಕದ ಬೀದಿಯ ಹುಡುಗನೊಬ್ಬ ಅದರಲ್ಲಿ ಮುಳುಗಿಹೋದ. ಅಂದಿನಿಂದ ಕೆರೆ ಏರಿ ಹತ್ತಬಾರದೆಂದು ಅಮ್ಮನ ಕಟ್ಟಪ್ಪಣೆ. ಹಾಗಾಗಿ ನಾನು ಈಜು ಕಲಿತದ್ದು ಮೂವತ್ತಮೂರನೇ ವಯಸ್ಸಿನಲ್ಲಿ, ಪುಣೆಯ ಒಂದು ಈಜುಕೊಳದಲ್ಲಿ, ಆರು ವರ್ಷದ ಮಕ್ಕಳ ಪಕ್ಕದ ಲೇನಿನಲ್ಲಿ.

ಕೊಳದಲ್ಲಿ ಎರಡು ಕಿಲೋಮೀಟರ್ ಈಜುವುದು ಕಳೆದ ವರ್ಷವೇ ಕೈಗೂಡಿತ್ತು. ಆದರೆ ಈ ಬೇಸಿಗೆಯಲ್ಲಿ ತರಬೇತುದಾರರ ಜೊತೆ ಮೊದಲ ಸಲ ಒಂದು ಜಲಾಶಯದ ಹಿನ್ನೀರಿಗೆ ಇಳಿದಾಗ, ಐವತ್ತು ಮೀಟರ್ ಹೋಗುವಷ್ಟರಲ್ಲಿ ಎದೆ ಬಿಗಿಯಿತು. ಕೊಳದ ತಳದಲ್ಲಿ ದಾರಿ ತೋರಿಸುವ ನೀಲಿ ಗೆರೆ ಇಲ್ಲಿಲ್ಲ, ಹಿಡಿಯಲು ಅಂಚಿಲ್ಲ, ಕಣ್ಣೆದುರು ಹಸಿರು ಕತ್ತಲು. ಕಾಲು ಚಾಚಿದೆ, ನೆಲ ಸಿಗಲಿಲ್ಲ. ತೋಳಿನಲ್ಲಿ ಶಕ್ತಿ ಹಾಗೇ ಇತ್ತು. ಉಸಿರು ಮಾತ್ರ ಕೈಕೊಟ್ಟಿತ್ತು.

ನಮ್ಮ ವೃತ್ತಿಯಲ್ಲಿ ‘ಸಿಸ್ಟಂ ಸರಿಯಿಲ್ಲ’ ಎಂಬ ದೂರು ಬಂದರೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಎಲ್ಲಿ, ಯಾವಾಗ, ಏನು ಮಾಡಿದಾಗ ಎಂದು ಕೇಳಿ ಬಿಡಿಸಿಕೊಂಡ ಮೇಲೆಯೇ ಕೆಲಸ ಶುರು. ‘ನೀರೆಂದರೆ ಭಯ’ ಎಂಬುದನ್ನೂ ಹಾಗೇ ಬಿಡಿಸಿ ನೋಡಿದೆ. ಒಳಗೆ ನಾಲ್ಕು ಬೇರೆ ಬೇರೆ ಭಯಗಳಿದ್ದವು.

ಮೊದಲನೆಯದು ಸಾವಿನದು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಆದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಕಲೆಹಾಕಿ ನೋಡಿದ್ದಾರೆ. ಒಟ್ಟು 135 ಪ್ರಕರಣಗಳಲ್ಲಿ 90 ನಡೆದದ್ದು ಈಜಿನ ವೇಳೆ. ಲೆಕ್ಕ ಹಾಕಿದರೆ ಲಕ್ಷ ಸ್ಪರ್ಧಿಗಳಿಗೆ ಎರಡಕ್ಕಿಂತ ಕಡಿಮೆ. ಮರಣೋತ್ತರ ಪರೀಕ್ಷೆಯ ವಿವರ ಸಿಕ್ಕವರಲ್ಲಿ ಹಲವರಿಗೆ ಹೃದಯದ ತೊಂದರೆ ಇದ್ದದ್ದು ಕಂಡುಬಂತು. ಇದನ್ನು ಓದಿದ ವಾರವೇ ಹೃದ್ರೋಗ ತಜ್ಞರ ಹತ್ತಿರ ಹೋಗಿ ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ. ಈ ಭಯಕ್ಕೆ ಧೈರ್ಯ ಮದ್ದಲ್ಲ, ತಪಾಸಣೆ ಮದ್ದು.

ಎರಡನೆಯದು ಉಸಿರಿನದು. ಉಸಿರುಗಟ್ಟಿದಂತೆ ಅನಿಸುವುದು ಹೆಚ್ಚಾಗಿ ಆಮ್ಲಜನಕ ಮುಗಿದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಹೆದರಿದವನು ನೀರೊಳಗೆ ಉಸಿರು ಬಿಗಿಹಿಡಿಯುತ್ತಾನೆ. ತಲೆ ಹೊರಳಿಸಿದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡೂ ಆಗಬೇಕು, ಯಾವುದೂ ಪೂರ್ತಿಯಾಗುವುದಿಲ್ಲ. ತರಬೇತುದಾರರು ಹೇಳಿಕೊಟ್ಟ ಉಪಾಯ ಸುಲಭದ್ದು: ಮುಖ ನೀರೊಳಗೆ ಇರುವಷ್ಟು ಹೊತ್ತೂ ಗುನುಗುತ್ತಿರಿ. ಗುನುಗುವಾಗ ಉಸಿರು ಹಿಡಿಯಲಾಗದು, ತಾನಾಗಿ ಹೊರಗೆ ಹೋಗುತ್ತಿರುತ್ತದೆ. ಮೂರು ತಿಂಗಳಿಂದ ಹಿನ್ನೀರಿನ ಮೀನುಗಳು ನನ್ನ ಬೇಸುರನ್ನು ಸಹಿಸಿಕೊಂಡಿವೆ.

ಮೂರನೆಯದು, ನಡುನೀರಿನಲ್ಲಿ ನಿಂತುಬಿಟ್ಟರೆ ಗತಿಯೇನು ಎಂಬುದು. ತಣ್ಣೀರಿನ ದೇಶಗಳಲ್ಲಿ ತೊಡುವ ವೆಟ್‌ಸೂಟ್ ಮೈಯನ್ನು ತೇಲಿಸಿ ಧೈರ್ಯ ಕೊಡುತ್ತದೆ. ಗೋವಾದ ಬೆಚ್ಚನೆಯ ನೀರಿನಲ್ಲಿ ಅದಿಲ್ಲ. ಉಪ್ಪುನೀರು ಕೆರೆಯ ನೀರಿಗಿಂತ ತುಸು ಹೆಚ್ಚು ಎತ್ತಿ ಹಿಡಿಯುತ್ತದೆ, ಅಷ್ಟೇ. ಆದರೆ ನಿಯಮಪುಸ್ತಕ ನಮ್ಮ ಪರವಾಗಿದೆ. ಕೈ ಎತ್ತಿ ಬೀಸಿದರೆ ರಕ್ಷಣಾ ಸಿಬ್ಬಂದಿ ಬರುತ್ತಾರೆ. ಅವರ ಕಯಾಕ್ ದೋಣಿಯನ್ನೋ ತೇಲುಗುಂಡನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು. ಅದನ್ನು ಹಿಡಿದುಕೊಂಡು ಮುಂದೆ ಸಾಗದಿದ್ದರೆ ಸಾಕು, ಸ್ಪರ್ಧೆಯಿಂದ ಹೊರಹಾಕುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ನೀರಿಗೆ ಬಿಡುವುದೂ ಇಲ್ಲ. ವೇಗಕ್ಕೆ ತಕ್ಕ ಸಾಲಿನಲ್ಲಿ ನಿಂತು ಸ್ವಲ್ಪ ಸ್ವಲ್ಪ ಜನರಾಗಿ ಇಳಿಯುತ್ತಾರೆ. ನಾನು ನಿಧಾನದವರ ಸಾಲಿನಲ್ಲಿ, ಅಂಚಿಗೆ ನಿಲ್ಲುತ್ತೇನೆ. ಯಾರ ಕಾಲೂ ಮುಖಕ್ಕೆ ಬಡಿಯಬಾರದಲ್ಲ.

ನಾಲ್ಕನೆಯದನ್ನು ಒಪ್ಪಿಕೊಳ್ಳಲು ಹೆಚ್ಚು ಸಮಯ ಹಿಡಿಯಿತು. ಅದು ಜನರದು. ಆಫೀಸಿನ ವಾಟ್ಸ್‌ಆ್ಯಪ್ ಗುಂಪು, ಅಪಾರ್ಟ್‌ಮೆಂಟಿನ ಕನ್ನಡ ಬಳಗ, ಊರಿನ ಗೆಳೆಯರು, ಎಲ್ಲರಿಗೂ ಗೊತ್ತಾಗಿದೆ. ಮುಗಿಸದೆ ಬಂದರೆ? ಇದಕ್ಕೆ ಉತ್ತರ ಸಿಕ್ಕಿದ್ದು ಈ ಕ್ರೀಡೆಯ ಇತಿಹಾಸದಲ್ಲೇ. ಮೊದಲ ಐರನ್‌ಮ್ಯಾನ್ ನಡೆದದ್ದು 1978ರ ಫೆಬ್ರುವರಿಯಲ್ಲಿ, ಹವಾಯಿಯ ಒವಾಹು ದ್ವೀಪದಲ್ಲಿ. ಹೊರಟವರು 15 ಜನ, ಮುಗಿಸಿದವರು 12. ಆ ಮೂವರನ್ನು ಸೋತವರೆಂದು ಯಾರೂ ಆಡಿಕೊಳ್ಳುವುದಿಲ್ಲ, ಮೊದಲ ಸ್ಪರ್ಧೆಯವರೆಂದೇ ಲೆಕ್ಕ. 1982ರ ಫೆಬ್ರುವರಿಯ ಸ್ಪರ್ಧೆಯಲ್ಲಿ ಜೂಲಿ ಮಾಸ್ ಎಂಬ ಯುವತಿ ಮುಂದಿದ್ದಳು. ಗುರಿ ಕಣ್ಣಿಗೆ ಕಾಣುವ ಹೊತ್ತಿಗೆ ಕಾಲು ಸೋತು ಬಿದ್ದಳು, ಕೊನೆಗೆ ತೆವಳುತ್ತ ಗೆರೆ ಮುಟ್ಟಿದಳು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿಹೋಗಿ ಗೆದ್ದಾಗಿತ್ತು. ಟಿವಿಯಲ್ಲಿ ಅದನ್ನು ನೋಡಿದ ಜಗತ್ತು ಹೆಚ್ಚು ನೆನಪಿಟ್ಟುಕೊಂಡದ್ದು ತೆವಳಿದವಳನ್ನು.

ಅಮ್ಮನಿಗೆ ಹೇಳುವುದೊಂದು ಬಾಕಿಯಿತ್ತು. ಕಳೆದ ವಾರ ಫೋನಿನಲ್ಲಿ ಹೇಳಿದೆ. ‘ಸಮುದ್ರದಾಗೆ ಈಜಬೇಕಾ? ಯಾಕಪ್ಪ, ಆಫೀಸ್‌ನಾಗೆ ಏನಾರ ತೊಂದ್ರೆನಾ?’ ಎಂದರು. ದೋಣಿಗಳ ಬಗ್ಗೆ, ತೇಲುಗುಂಡುಗಳ ಬಗ್ಗೆ, ಡಾಕ್ಟರ ಪರೀಕ್ಷೆಯ ಬಗ್ಗೆ ನಿಧಾನವಾಗಿ ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಸುಸ್ತಾದ್ರೆ ದೋಣಿ ಹಿಡ್ಕೋಬೋದು ಅಂದ್ಯಲ್ಲ, ಹಿಡ್ಕೋ. ನಾಚ್ಕೆ ಪಟ್ಕೋಬ್ಯಾಡ’ ಎಂದರು.

ಈ ಭಾನುವಾರ ಹಿನ್ನೀರಿನಲ್ಲಿ ಕೊನೆಯ ದೊಡ್ಡ ಅಭ್ಯಾಸವಿದೆ. ಭಯ ಹೋಗಿಲ್ಲ. ಪ್ರತಿ ಸಲವೂ ಮೊದಲ ನೂರು ಮೀಟರ್ ಜೊತೆಗೇ ಬರುತ್ತದೆ, ಗುನುಗತೊಡಗಿದ ಮೇಲೆ ಸ್ವಲ್ಪ ಹಿಂದೆ ಉಳಿಯುತ್ತದೆ. ಕಳೆದ ಬಾರಿ 1.9 ಕಿ.ಮೀ.ಗೆ 61 ನಿಮಿಷ ಹಿಡಿಯಿತು. ಎರಡು ಸಲ ನಿಂತು ಸುಧಾರಿಸಿಕೊಂಡದ್ದೂ ಅದರಲ್ಲೇ ಸೇರಿದೆ. ಗಡುವಿಗೆ ಇನ್ನೂ 9 ನಿಮಿಷ ಉಳಿಯುತ್ತದೆ. ದೋಣಿ ಹಿಡಿಯಲು ಅಷ್ಟು ಧಾರಾಳವಾಯಿತು.