ರೊಟ್ಟಿ ಹಂಚಿಗೆ ತಕ್ಕ ಒಲೆ

ಅಡುಗೆ ಕಟ್ಟೆಯ ಕಲ್ಲನ್ನು ಕೊರೆದು ಅದರೊಳಗೆ ಕೂರಿಸುವ ಒಲೆಗೆ ಹಾಬ್ ಎನ್ನುತ್ತಾರೆ. ಕಣ್ಣಿಗೆ ಕಾಣುವುದು ಕಪ್ಪು ಗಾಜು, ನಾಲ್ಕು ಬರ್ನರು, ಸಾಲಾಗಿ ನಾಬ್‌ಗಳು ಮಾತ್ರ. ಪೈಪು, ಜೆಟ್ಟು, ವೈರುಗಳೆಲ್ಲ ಕಟ್ಟೆಯಡಿ ಅಡಗಿರುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹೊಸದಾಗಿ ಮನೆ ಕಟ್ಟಿಸುವವರು ಈಗ ಮೊದಲು ಕೇಳುವ ಸಾಮಾನುಗಳಲ್ಲಿ ಇದೂ ಒಂದು. ನೋಡಲು ಚೆಂದ, ಒರೆಸಲು ಸುಲಭ. ಆದರೆ ಅಂಗಡಿಯಲ್ಲಿ ಅದನ್ನು ತೋರಿಸುವವರು ಅದರ ಮೇಲೆ ಇಡುವುದು ಒಂದು ಪುಟ್ಟ ಸ್ಟೀಲ್ ಪಾತ್ರೆಯನ್ನು. ನಮ್ಮ ಮನೆಗಳಲ್ಲಿ ಒಲೆಗೆ ನಿಜವಾದ ಪರೀಕ್ಷೆ ಜೋಳದ ರೊಟ್ಟಿ.

ಅಗಲವಾದ, ತುಸು ಬಾಗಿದ ಕಬ್ಬಿಣದ ಹಂಚು ಭಾರವಾಗಿರುತ್ತದೆ, ಹೊತ್ತುಗಟ್ಟಲೆ ಉರಿಯ ಮೇಲಿರುತ್ತದೆ. ಅಂಚು ಬರ್ನರಿನಿಂದಾಚೆ ಚಾಚಿಕೊಂಡಿದ್ದರೆ ಬಡಿದು ಹಿಂದಿರುಗಿದ ಶಾಖ ಗಾಜಿನ ಮೇಲೇ ಬೀಳುತ್ತದೆ. ಹಾಬಿನ ಗಾಜು ಹದಗೊಳಿಸಿದ ಗಾಜು, ಅಂದರೆ ಟಫನ್ಡ್. ಸಮನಾಗಿ ಬಿದ್ದ ಶಾಖವನ್ನು ಅದು ತಡೆಯುತ್ತದೆ. ಒಂದೇ ಜಾಗ ಕಾದು ಪಕ್ಕದ ಜಾಗ ತಣ್ಣಗಿದ್ದರೆ, ಅಥವಾ ಅಂಚಿಗೆ ಎಂದೋ ಬಿದ್ದ ಪೆಟ್ಟು ಒಳಗೊಳಗೇ ಉಳಿದಿದ್ದರೆ, ಒಂದು ದಿನ ಒಮ್ಮೆಗೇ ಪುಡಿಪುಡಿಯಾಗಿ ಒಡೆಯುತ್ತದೆ. ರೊಟ್ಟಿಯ ಮೇಲೆ ನೀರು ಸವರುವ ಒದ್ದೆ ಅರಿವೆಯಿಂದ ಕಾದ ಗಾಜಿಗೆ ತಣ್ಣೀರು ತೊಟ್ಟಿಕ್ಕುವುದೂ ಒಳ್ಳೆಯದಲ್ಲ. ಆದ್ದರಿಂದ ಕೊಳ್ಳಲು ಹೋಗುವಾಗ ಮನೆಯ ಹಂಚಿನ ಅಗಲವನ್ನು ಅಳೆದುಕೊಂಡು ಹೋಗಿ. ದೊಡ್ಡ ಬರ್ನರಿನ ಮೇಲೆ ಆ ಅಗಲದ ಹಂಚಿಟ್ಟರೆ ಪಕ್ಕದ ಬರ್ನರು, ನಾಬುಗಳು, ಹಿಂದಿನ ಗೋಡೆ ಎಷ್ಟು ದೂರ ಉಳಿಯುತ್ತವೆ ಎಂದು ನೋಡಿ. ಪಾತ್ರೆ ನಿಲ್ಲುವ ಕಬ್ಬಿಣದ ಕಾಲುಗಳು ದಪ್ಪಗಿವೆಯೇ, ಅಲುಗಾಡುತ್ತವೆಯೇ ಎಂದೂ ಕೈಯಿಟ್ಟು ನೋಡಿ. ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ಮನೆಗೆ ಗಾಜಿಗಿಂತ ಸ್ಟೀಲ್ ಮೈಯ ಹಾಬೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹೊಳಪು ಕಡಿಮೆ, ನೆಮ್ಮದಿ ಹೆಚ್ಚು.

ರೊಟ್ಟಿ ಬಡಿದು ಮಾರುವವರು ಹಾಬಿನ ಗೊಡವೆಗೆ ಹೋಗದಿರುವುದೇ ಲೇಸು. ಮನೆಬಳಕೆಯ ಒಲೆ ದಿನವಿಡೀ ಉರಿಯಲು ಮಾಡಿದ್ದಲ್ಲ. ವ್ಯಾಪಾರಕ್ಕೆ 14.2 ಕೆಜಿಯ ಮನೆ ಸಿಲಿಂಡರ್ ಬಳಸುವಂತೆಯೂ ಇಲ್ಲ, 19 ಕೆಜಿಯಂಥ ವಾಣಿಜ್ಯ ಸಿಲಿಂಡರೇ ಬೇಕು.

ಕೂರಿಸುವ ಕೆಲಸ ಕಲ್ಲು ಕೊರೆಯುವುದರಿಂದ ಶುರು. ಹಳೆಯ ಮನೆಗಳ ಕಟ್ಟೆಗೆ ಹೆಚ್ಚಾಗಿ ಕಡಪಾ ಕಲ್ಲು, ಹೊಸದಕ್ಕೆ ಗ್ರಾನೈಟ್. ಕಡಪಾ ಪದರ ಪದರವಾದ ಕಲ್ಲು. ಕಿಂಡಿಯ ಮೂಲೆಗಳನ್ನು ಚೂಪಾಗಿ ಕೊರೆದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೂಲೆಗಳನ್ನು ದುಂಡಗೆ ಬಿಡಿಸಿ, ಕಿಂಡಿಯ ಮುಂದಿನ ಕಿರಿದಾದ ಪಟ್ಟಿಗೆ ಅಡಿಯಿಂದ ಕಬ್ಬಿಣದ ಆಸರೆ ಕೊಡಿಸಬೇಕು. ಅಳತೆಯನ್ನು ಒಲೆಯ ಪೆಟ್ಟಿಗೆಯೊಳಗಿನ ಕಾಗದದಿಂದಲೇ ತೆಗೆದುಕೊಳ್ಳಿ, ಗಾಜಿನ ಅಳತೆಯಿಂದಲ್ಲ. ಒಲೆ ಮನೆಗೆ ಬರುವ ಮೊದಲೇ ಕಿಂಡಿ ಕೊರೆಸಿಟ್ಟು ಆಮೇಲೆ ಪರದಾಡುವವರು ಬಹಳ.

ಇನ್ನು ಗ್ಯಾಸಿನ ಸ್ವಭಾವ. ಎಲ್‌ಪಿಜಿಯಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್, ಎರಡೂ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೆಲಕ್ಕಿಳಿದು ಕಟ್ಟೆಯಡಿಯ ಕಪಾಟಿನಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟಾದರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಕಪಾಟಿನ ಬಾಗಿಲಿಗೆ ಕೆಳಗೂ ಮೇಲೂ ಕಿಂಡಿ ಇರಲೇಬೇಕು. ಒಳಾಂಗಣ ಮಾಡಿಸುವ ಬಡಗಿಗೆ ಇದು ಚೆಂದ ಕಾಣುವುದಿಲ್ಲ. ಹಟ ಹಿಡಿದು ಮಾಡಿಸಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ, ಒಲೆಗಿಂತ ಕೆಳಗೆ ಇರಬೇಕು. ರಬ್ಬರ್ ಪೈಪನ್ನು ಗೋಡೆಯೊಳಗೆ ಹೂಳಬಾರದು, ಒಂದಕ್ಕೊಂದು ಜೋಡಿಸಿ ಉದ್ದ ಮಾಡಬಾರದು. ಐಎಸ್‌ಐ ಗುರುತಿನ, ಒಳಗೆ ಉಕ್ಕಿನ ತಂತಿ ಇರುವ ಸುರಕ್ಷಾ ಪೈಪೇ ಆಗಬೇಕು, ಅದನ್ನೂ ಐದು ವರ್ಷಕ್ಕೆ ಬದಲಿಸಬೇಕು. ಜೋಳ, ಗೋವಿನಜೋಳ, ಶೇಂಗಾ ಮನೆಯಲ್ಲಿ ಇಟ್ಟುಕೊಳ್ಳುವ ನಮ್ಮೂರುಗಳಲ್ಲಿ ಇಲಿ ಇಲ್ಲದ ಮನೆ ಕಡಿಮೆ, ಬರೀ ರಬ್ಬರು ಅವುಗಳ ಹಲ್ಲಿಗೆ ಏನೇನೂ ಅಲ್ಲ. ಹಾಬಿನ ಕೆಳಗೆ ಪೈಪು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ತಿಂಗಳಿಗೊಮ್ಮೆ ಟಾರ್ಚ್ ಬಿಟ್ಟು ನೋಡಬೇಕಾದದ್ದೇ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಕಡ್ಡಿ ಗೀರಿ ನೋಡುವ ಹಳೆಯ ಚಾಳಿ ಇನ್ನೂ ಅಲ್ಲಲ್ಲಿ ಉಳಿದಿದೆ, ಅದನ್ನು ಬಿಡಲೇಬೇಕು.

ಮಳೆಗಾಲದ ಗಾಳಿ ಇನ್ನೊಂದು ಸಂಗತಿ. ಕಿಟಕಿಯ ಎದುರೇ ಒಲೆ ಇಟ್ಟರೆ ಸಣ್ಣ ಉರಿ ಗೊತ್ತಾಗದಂತೆ ಆರಿಹೋಗಿ ಗ್ಯಾಸ್ ಮಾತ್ರ ಬರುತ್ತಿರುತ್ತದೆ. ಜ್ವಾಲೆ ಆರಿದೊಡನೆ ಗ್ಯಾಸ್ ತಾನೇ ನಿಲ್ಲುವ ಸಾಧನ ಕೆಲವು ಹಾಬುಗಳಲ್ಲಿರುತ್ತದೆ. ಬರ್ನರಿನ ಪಕ್ಕದ ಸಣ್ಣ ಲೋಹದ ಕಡ್ಡಿ ಕಾದಾಗ ಅದರಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟಿ ವಾಲ್ವನ್ನು ತೆರೆದು ಹಿಡಿಯುತ್ತದೆ, ಕಡ್ಡಿ ತಣ್ಣಗಾದರೆ ವಾಲ್ವ್ ಮುಚ್ಚುತ್ತದೆ. ಅಂಥ ಒಲೆ ಹಚ್ಚುವಾಗ ನಾಬನ್ನು ಒಂದೆರಡು ಕ್ಷಣ ಒತ್ತಿಯೇ ಹಿಡಿಯಬೇಕಾಗುವುದು ಅದಕ್ಕೆ. ದುಡ್ಡು ಹೆಚ್ಚಾದರೂ ಈ ಒಂದು ಸೌಕರ್ಯಕ್ಕೆ ಚೌಕಾಸಿ ಬೇಡ.

ಇನ್ನು ಘಾಟಿನ ಮಾತು. ಬ್ಯಾಡಗಿ ಮೆಣಸಿನಕಾಯಿಯ ಖಾರ ಕಡಿಮೆ, ಬಣ್ಣ ಹೆಚ್ಚು. ಖಾರ ಕಡಿಮೆಯೆಂದು ಹುರಿಯುವಾಗ ಘಾಟು ಬಿಡುವುದಿಲ್ಲ. ಮಸಾಲೆ ಖಾರ ಮಾಡುವ ದಿನ ಇಡೀ ಮನೆ ಕೆಮ್ಮುತ್ತದೆ. ಒಲೆಯ ಮೇಲೆ ಚಿಮಣಿ ಹಾಕಿಸುವುದಾದರೆ ಹಾಬಿನಿಂದ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿರಲಿ, ಅದರ ಕೊಳವೆ ಮನೆಯಿಂದ ಹೊರಗೆ ಹೋಗಲಿ.

ಕರೆಂಟಿನ ಒಲೆಗೆ ಬರೋಣ. ಇಂಡಕ್ಷನ್ ಹಾಬಿನ ಗಾಜಿನಡಿ ತಾಮ್ರದ ಸುರುಳಿಯಿದೆ. ಅದರ ಕಾಂತಕ್ಷೇತ್ರ ಪಾತ್ರೆಯ ತಳವನ್ನೇ ನೇರ ಕಾಯಿಸುತ್ತದೆ. ಅಯಸ್ಕಾಂತ ಅಂಟುವ ಪಾತ್ರೆಗೆ ಮಾತ್ರ ಇದು ಸಾಧ್ಯ, ಬರೀ ಅಲ್ಯೂಮಿನಿಯಂ, ಹಿತ್ತಾಳೆ ನಡೆಯುವುದಿಲ್ಲ. ಕಬ್ಬಿಣದ ಹಂಚು ಅಂಟುತ್ತದೆ ನಿಜ. ಆದರೆ ಬಾಗಿದ ತಳ ಗಾಜಿಗೆ ಸಮನಾಗಿ ಕೂರುವುದಿಲ್ಲ, ನಡುವೆ ಕರಕಲು, ಅಂಚು ಹಸಿ. ಸುಟ್ಟು ಉಬ್ಬಿಸಲು ಉರಿಯೂ ಇಲ್ಲ. ‘ಕರೆಂಟಿನ ಒಲಿ ಮ್ಯಾಲೆ ರೊಟ್ಟಿ ಉಬ್ಬಂಗಿಲ್ಲವಾ’ ಎಂಬ ಮನೆಯಾಕೆಯರ ದೂರಿಗೆ ಕಾರಣ ಇದು. ಹಾಲು, ಅನ್ನ, ಬೇಳೆ, ಚಹಾಕ್ಕೆ ಇಂಡಕ್ಷನ್, ರೊಟ್ಟಿಗೆ ಗ್ಯಾಸ್ ಎಂದು ಎರಡೂ ಇರುವ ಜೋಡಿ ಹಾಬ್ ಇಲ್ಲಿನ ಮನೆಗಳಿಗೆ ಹೊಂದುತ್ತದೆ. ಕರೆಂಟು ಹೋದರೂ ಅಡುಗೆ ನಿಲ್ಲುವುದಿಲ್ಲ.

2,000 ವಾಟಿನ ಒಂದು ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಫ್ಯಾನು, ಮೊಬೈಲಿಗೆ ಹಾಕಿದ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಸಾಕೆಟ್ ಕಾದು ಕರಗಬಹುದು. 16 ಆಂಪಿಯರಿನ ಮೂರು ಪಿನ್ನಿನ ಸಾಕೆಟ್, ಅದಕ್ಕೇ ಬೇರೆ ವೈರು, ಬೇರೆ ಎಂಸಿಬಿ, ಸರಿಯಾದ ಅರ್ತಿಂಗ್ ಬೇಕು. ನಾಲ್ಕು ಕಣ್ಣಿನ ಪೂರ್ತಿ ಕರೆಂಟಿನ ಹಾಬ್ 7 ಕಿಲೋವಾಟ್ ಇದ್ದರೆ 30 ಆಂಪಿಯರ್ ಆಯಿತು. ಒಂದು ಕಿಲೋವಾಟಿಗೆ ಮಂಜೂರಾದ ಹಳೆಯ ಮನೆಯವರು ಮೊದಲು ಕರೆಂಟ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬೇಕು.

ಖರ್ಚಿನ ಲೆಕ್ಕ ಹೀಗೆ. ಒಂದು 14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 181 ಯೂನಿಟ್ಟಿನಷ್ಟು ಶಾಖವಿದೆ. ಒಲೆಯ ದಕ್ಷತೆ 68% ಎಂದಿಟ್ಟುಕೊಂಡರೆ ಪಾತ್ರೆಗೆ ಸೇರುವುದು 123 ಯೂನಿಟ್. ಇಂಡಕ್ಷನ್ನಿನ ದಕ್ಷತೆ ಸುಮಾರು 85%. ಹಾಗಾಗಿ ಒಂದು ಸಿಲಿಂಡರಿನ ಅಡುಗೆಗೆ 145 ಯೂನಿಟ್ ಕರೆಂಟ್ ಬೇಕು. ನಮ್ಮಲ್ಲಿ ಇದಕ್ಕೆ ಗೃಹಜ್ಯೋತಿ ಎಂಬ ಉಚಿತ ಕರೆಂಟ್ ಯೋಜನೆಯ ಗಂಟೂ ಇದೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರೇ ಹೆಚ್ಚು. ಯೋಜನೆ ಬಂದಾಗಿನ ನಿಯಮದಂತೆ ಮನೆಯ ಹಳೆಯ ಸರಾಸರಿ ಬಳಕೆಗೆ 10% ಸೇರಿಸಿದಷ್ಟು ಉಚಿತ, ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 60 ಯೂನಿಟ್ಟಿನ ಮನೆಗೆ 66 ಉಚಿತ. ಒಂದೂವರೆ ತಿಂಗಳಿಗೊಂದು ಸಿಲಿಂಡರ್ ಮುಗಿಸುವ ಆ ಮನೆ ಎಲ್ಲ ಅಡುಗೆಯನ್ನೂ ಇಂಡಕ್ಷನ್ನಿಗೆ ಹಾಕಿದರೆ ತಿಂಗಳಿಗೆ 97 ಯೂನಿಟ್ ಕೂಡಿ ಬಳಕೆ 157 ಆಗುತ್ತದೆ, 91ಕ್ಕೆ ದುಡ್ಡು ಕೊಡಬೇಕು. ಸರಾಸರಿ 120 ಇದ್ದ ಮನೆ 217ಕ್ಕೆ ಹೋಗಿ ಉಚಿತವನ್ನೇ ಕಳೆದುಕೊಳ್ಳುತ್ತದೆ.

ಒಲೆಯ ನಿಗಾ ದೊಡ್ಡ ವಿದ್ಯೆಯೇನಲ್ಲ. ಜೋಳದ ಹಿಟ್ಟು ಉದುರಿ ಬರ್ನರಿನ ತೂತು ಕಟ್ಟಿಕೊಳ್ಳುತ್ತದೆ, ಉರಿ ಹಳದಿಯಾಗಿ ಪಾತ್ರೆ ಮಸಿ ಹಿಡಿಯುತ್ತದೆ. ವಾರಕ್ಕೊಮ್ಮೆ ಬರ್ನರಿನ ಮುಚ್ಚಳ ತೆಗೆದು ಬಿಸಿನೀರಲ್ಲಿ ನೆನೆಸಿ, ತೂತುಗಳಿಗೆ ಸಣ್ಣ ಪಿನ್ನು ಆಡಿಸಿ, ಪೂರ್ತಿ ಒಣಗಿದ ಮೇಲೆ ತಿರುಗಿ ಕೂರಿಸಿ. ಗ್ಯಾಸ್ ಹೊರಬರುವ ಜೆಟ್ಟಿನ ತೂತಿಗೆ ಮಾತ್ರ ಪಿನ್ನು ಹಾಕಬೇಡಿ, ಅದು ದೊಡ್ಡದಾದರೆ ಉರಿಯ ಅಳತೆಯೇ ತಪ್ಪುತ್ತದೆ. ಹಾಬಿನ ಮೇಲೆ ನೀರು ಸುರಿದು ತೊಳೆಯುವಂತಿಲ್ಲ, ಬರ್ನರಿನ ಸಂದಿಯಿಂದ ಇಳಿದು ಕಿಡಿ ಹಾರಿಸುವ ವೈರನ್ನು ಕೆಡಿಸುತ್ತದೆ. ಟಕ್ ಟಕ್ ಶಬ್ದ ಬಂದರೂ ಹೊತ್ತದಿದ್ದರೆ ಕಿಡಿಯ ತುದಿಯನ್ನು ಒರೆಸಿ ಒಣಗಿಸಿ, ಶಬ್ದವೇ ಇಲ್ಲದಿದ್ದರೆ ಅಡಿಯಲ್ಲಿರುವ ಬ್ಯಾಟರಿ ಬದಲಿಸಿ. ಉಳಿದ ರಿಪೇರಿಗೆ ವಿತರಕರ ಮೆಕ್ಯಾನಿಕ್ಕನ್ನೇ ಕರೆಸಿ.

ರಾತ್ರಿ ಗ್ಯಾಸ್ ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿಗಿಂತ ಮೊದಲು ಬಾಗಿಲು ತೆರೆಯಿರಿ, ಗ್ಯಾಸ್ ಇರುವುದು ನೆಲದ ಮಟ್ಟದಲ್ಲಿ. ಮನೆಯವರೆಲ್ಲ ಹೊರಗೆ ಬಂದ ಮೇಲೆ, ಅಂಗಳ ದಾಟಿ ನಿಂತು, 1906ಕ್ಕೆ ಫೋನ್ ಮಾಡಿ.