ಟೈಮ್‌ಔಟ್: ಮರುನಮೂದಿಗೆ ಮುನ್ನ ಪರಿಶೀಲನೆ ಅಗತ್ಯ

ತಿಂಗಳ ಕೊನೆಯ ದಿನಗಳಲ್ಲಿ ಸಗಟು ವ್ಯಾಪಾರ ಸಂಸ್ಥೆಗಳಲ್ಲಿ ಹೆಚ್ಚಾಗಿ ಕಾಣಬರುವ ತೊಂದರೆಯೊಂದಿದೆ. ಗುಮಾಸ್ತರು ಗ್ರಾಹಕರ ಆರ್ಡರನ್ನು ಗಣಕಯಂತ್ರದಲ್ಲಿ ನಮೂದಿಸಿ 'ಸೇವ್' ಒತ್ತುತ್ತಾರೆ. ಪರದೆ ಕೆಲಕಾಲ ಸ್ತಬ್ಧವಾಗಿದ್ದು, ಬಳಿಕ 'ಟೈಮ್‌ಔಟ್' ಎಂಬ ಸಂದೇಶ ಮೂಡುತ್ತದೆ. ಆರ್ಡರ್ ದಾಖಲಾಗಿಲ್ಲವೆಂದು ಭಾವಿಸಿ ಅವರು ಅದನ್ನೇ ಮತ್ತೆ ನಮೂದಿಸುತ್ತಾರೆ. ಒಂದೇ ಸರಕು ಎರಡು ಬಾರಿ ರವಾನೆಯಾಗುವ ಪ್ರಮಾದ ಹೀಗೆ ಸಂಭವಿಸುತ್ತದೆ.

ಸಂದೇಶದ ಅರ್ಥ

ಟೈಮ್‌ಔಟ್ ಎಂದರೆ ಕೆಲಸ ವಿಫಲವಾಯಿತೆಂದಲ್ಲ. ಉತ್ತರಕ್ಕಾಗಿ ಕಾಯುವ ಅವಧಿ ಮುಗಿಯಿತೆಂದಷ್ಟೆ. ಮೈಕ್ರೋಸಾಫ್ಟ್‌ನ ಎಡಿಒ ಡಾಟ್ ನೆಟ್ ಬಳಸುವ ತಂತ್ರಾಂಶಗಳಲ್ಲಿ, ಬೇರೆ ಮಿತಿ ನಿಗದಿಪಡಿಸದಿದ್ದರೆ, ಎಸ್‌ಕ್ಯೂಎಲ್ ಸರ್ವರ್‌ನೊಡನೆ ಸಂಪರ್ಕ ಸಾಧಿಸಲು 15 ಸೆಕೆಂಡು, ಆಜ್ಞೆ ನೆರವೇರಲು 30 ಸೆಕೆಂಡು ಅವಕಾಶವಿರುತ್ತದೆ. ಸರ್ವರ್ ಆರ್ಡರನ್ನು ದಾಖಲಿಸಿದ ನಂತರ ಉತ್ತರ ಮಾತ್ರ ತಲುಪದೆ ಹೋದರೂ ಇಂತಹುದೇ ಸಂದೇಶ ಬರಬಹುದು. ಆದುದರಿಂದ ಗ್ರಾಹಕರ ಖರೀದಿ ಆದೇಶ ಸಂಖ್ಯೆಯಿಂದ ಆರ್ಡರ್ ಪಟ್ಟಿಯನ್ನು ಪರಿಶೀಲಿಸಿದ ಮೇಲಷ್ಟೇ ಮರುನಮೂದಿಗೆ ತೊಡಗಬೇಕು.

ಕಾರಣ ಪತ್ತೆ

ತೊಂದರೆ ಒಂದೇ ಗಣಕಯಂತ್ರಕ್ಕೆ ಅಥವಾ ಒಂದೇ ಶಾಖೆಗೆ ಸೀಮಿತವಾಗಿದ್ದರೆ ಮೊದಲು ಜಾಲ ಸಂಪರ್ಕವನ್ನು ಪರೀಕ್ಷಿಸಬೇಕು. ಎಲ್ಲೆಡೆ ಏಕಕಾಲಕ್ಕೆ ಕಂಡುಬಂದರೆ ಗಮನ ಸರ್ವರ್‌ನತ್ತ ಹರಿಯಬೇಕು. ನಿರ್ದಿಷ್ಟ ವೇಳೆಯಲ್ಲೇ ಮರುಕಳಿಸಿದರೆ, ಆ ಹೊತ್ತಿಗೆ ನಡೆಯುವ ಬ್ಯಾಕಪ್, ಮಾಸಿಕ ವರದಿ ಅಥವಾ ದರಪಟ್ಟಿಯ ಸಗಟು ಪರಿಷ್ಕರಣೆ ಕಾರಣವಿರಬಹುದು. ದರ ಪರಿಷ್ಕರಣೆ ಮುಗಿಯುವವರೆಗೆ ಸಂಬಂಧಿಸಿದ ದಾಖಲೆಗಳಿಗೆ ಬೀಗ ಬಿದ್ದಿರುತ್ತದೆ. ಅವನ್ನೇ ಬಯಸುವ ಆರ್ಡರುಗಳು ಸರದಿಯಲ್ಲಿ ಕಾಯುತ್ತವೆ. ವರ್ಷಗಳಿಂದ ಬೆಳೆದ ದತ್ತಾಂಶಕ್ಕೆ ಸೂಕ್ತ ಇಂಡೆಕ್ಸ್ ಇಲ್ಲದಿದ್ದರೆ, ಒಂದು ಆರ್ಡರನ್ನು ಹುಡುಕಲು ಸರ್ವರ್ ಇಡೀ ಕಡತವನ್ನೇ ಜಾಲಾಡಬೇಕಾಗುತ್ತದೆ.

ಕಾಲಮಿತಿಯನ್ನು 30ರಿಂದ 120 ಸೆಕೆಂಡಿಗೆ ಏರಿಸುವುದು ತಾತ್ಕಾಲಿಕ ಉಪಶಮನವೇ ಹೊರತು ಪರಿಹಾರವಲ್ಲ. ಭಾರವಾದ ವರದಿಗಳನ್ನು ವಹಿವಾಟಿನ ವೇಳೆಯ ಹೊರಗೆ ನಡೆಸುವುದು, ಇಂಡೆಕ್ಸ್‌ಗಳನ್ನು ಸರಿಪಡಿಸುವುದು ಹೆಚ್ಚು ಫಲಕಾರಿ.

ತೆರಿಗೆಯ ತೊಡಕು

ಗ್ರಾಹಕರ ಒಂದೇ ಖರೀದಿ ಆದೇಶ ಸಂಖ್ಯೆ ಎರಡನೆಯ ಬಾರಿ ಬಂದರೆ ತಂತ್ರಾಂಶವೇ ಎಚ್ಚರಿಸುವಂತೆ ಮಾಡುವುದು ಲೇಸು. 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ನಿಯಮ ವಾರ್ಷಿಕ 5 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಗೂ ಅನ್ವಯಿಸಿದೆ. ನೋಂದಣಿ ಪೋರ್ಟಲ್ ಒಂದೇ ಬಿಲ್ ಸಂಖ್ಯೆಯ ಪುನರಾವರ್ತನೆಯನ್ನು ತಡೆಯುತ್ತದೆ. ಆದರೆ ನಕಲಿ ಆರ್ಡರಿಗೆ ಹೊಸ ಬಿಲ್ ಸಂಖ್ಯೆ ದೊರೆತಿದ್ದರೆ ಅದನ್ನು ಗುರುತಿಸಲಾರದು. ಪೋರ್ಟಲ್‌ನಲ್ಲಿ ರದ್ದತಿಗೆ 24 ಗಂಟೆಗಳ ಅವಕಾಶ ಮಾತ್ರವಿದೆ. ಅನಂತರ ಕ್ರೆಡಿಟ್ ನೋಟ್‌ನ ಮೊರೆಹೋಗಬೇಕು.

ಪ್ರತಿ ಟೈಮ್‌ಔಟ್ ಸಂಭವಿಸಿದಾಗ ದಿನಾಂಕ, ವೇಳೆ, ಗಣಕಯಂತ್ರ ಹಾಗೂ ನಡೆಯುತ್ತಿದ್ದ ಕೆಲಸವನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಒಳಿತು. 'ತಂತ್ರಾಂಶ ನಿಧಾನವಾಗಿದೆ' ಎಂಬ ದೂರಿಗಿಂತ ಇಂತಹ ದಾಖಲೆ ತಂತ್ರಜ್ಞರಿಗೆ ಬಹುಬೇಗ ದಾರಿ ತೋರುತ್ತದೆ.