ಕಾಣದ ಅಪರಾಧಿಯ ಮನಶ್ಚಿತ್ರ

ಒಂದೇ ಕೈ ಮೇಲಿಂದ ಮೇಲೆ ನಡೆಸುವ ಘೋರಕೃತ್ಯಗಳು ಪೋಲೀಸರ ಬುದ್ಧಿಶಕ್ತಿಗೆ ಕಠಿಣವಾದ ಪರೀಕ್ಷೆಯೆಂಬುದರಲ್ಲಿ ಸಂದೇಹವಿಲ್ಲ. ಸಾಮಾನ್ಯವಾಗಿ ಕೊಂದವನಿಗೂ ಸತ್ತವನಿಗೂ ನಡುವೆ ಹಣ, ಹೊಲ, ಹಗೆ ಇವುಗಳಲ್ಲಿ ಯಾವುದಾದರೊಂದರ ಸಂಬಂಧವಿರುತ್ತದೆ. ಆ ಎಳೆಯನ್ನು ಹಿಡಿದು ಹೊರಟರೆ ಅಪರಾಧಿಯ ಮನೆಬಾಗಿಲು ಸಿಕ್ಕುವುದುಂಟು. ಸರಣಿ ಕೊಲೆಗಾರನಿಗಾದರೋ ತನ್ನ ಕೈಗೆ ಬಲಿಯಾದವರ ಪರಿಚಯವೇ ಇಲ್ಲದಿರಬಹುದು. ಇಂಥ ಸಂದರ್ಭಗಳಲ್ಲಿ ಕೃತ್ಯದ ರೀತಿಯಿಂದಲೇ ಅದನ್ನೆಸಗಿದವನ ವಯಸ್ಸು, ವೃತ್ತಿ, ಸ್ವಭಾವಗಳನ್ನು ಊಹಿಸುವ ವಿದ್ಯೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬೆಳೆದುಬಂದಿದೆ. ಅದರ ಬೆಲೆಯೆಷ್ಟು, ಮೇರೆ ಯಾವುದು ಎಂಬುದನ್ನು ನ್ಯಾಯದಲ್ಲಿ ಆಸ್ಥೆಯುಳ್ಳವರೆಲ್ಲರೂ ವಿಚಾರಿಸಬೇಕಾಗಿದೆ.

ಈ ಪ್ರಯತ್ನ ತೀರ ಹೊಸದೇನಲ್ಲ. 1888ರಲ್ಲಿ ಲಂಡನ್ ನಗರದ ವೈಟ್‌ಚಾಪೆಲ್ ಭಾಗದಲ್ಲಿ ಸ್ತ್ರೀಯರ ಕೊಲೆಗಳು ಸಾಲಾಗಿ ನಡೆದಾಗ, ಥಾಮಸ್ ಬಾಂಡ್ ಎಂಬ ವೈದ್ಯರು ಗಾಯಗಳ ಸ್ವರೂಪವನ್ನು ಪರಿಶೀಲಿಸಿ, ಕೊಲೆಗಾರನು ದೇಹಬಲವುಳ್ಳವನು, ನೋಟಕ್ಕೆ ಮಾತ್ರ ನಿರುಪದ್ರವಿ, ಏಕಾಂಗಿಯಾಗಿ ಬಾಳುವವನಿರಬೇಕು ಎಂದು ಬರೆದುಕೊಟ್ಟರು. ಕೊಲೆಗಾರನು ಕೊನೆಗೂ ಸಿಕ್ಕಲಿಲ್ಲವಾದ್ದರಿಂದ ಆ ಊಹೆಯ ಸತ್ಯಾಸತ್ಯತೆ ಇಂದಿಗೂ ಇತ್ಯರ್ಥವಾಗಿಲ್ಲ.

ಈ ವಿದ್ಯೆಗೆ ಕೀರ್ತಿ ಬಂದದ್ದು ನ್ಯೂಯಾರ್ಕಿನಲ್ಲಿ. 1940ರಿಂದ 1956ರ ವರೆಗೆ ಒಬ್ಬನೇ ಮನುಷ್ಯನು ಆ ನಗರದ ನಾಟಕಶಾಲೆ, ರೈಲ್ವೆ ನಿಲ್ದಾಣ, ಗ್ರಂಥಾಲಯಗಳಲ್ಲಿ ಮೂವತ್ತಕ್ಕೂ ಹೆಚ್ಚು ಬಾಂಬುಗಳನ್ನಿಟ್ಟನು. ಕನ್ಸಾಲಿಡೇಟೆಡ್ ಎಡಿಸನ್ ಎಂಬ ವಿದ್ಯುತ್ ಕಂಪೆನಿಯನ್ನು ಹಳಿಯುವ ಪತ್ರಗಳನ್ನೂ ಬರೆಯುತ್ತಿದ್ದನು. ಮನೋವೈದ್ಯ ಜೇಮ್ಸ್ ಬ್ರಸಲ್ ಅವರು 1956ರ ಡಿಸೆಂಬರಿನಲ್ಲಿ ಆ ಪತ್ರಗಳನ್ನು ನೋಡಿ, ಈತ ನಡುವಯಸ್ಸಿನ ಅವಿವಾಹಿತ, ಯಂತ್ರಕೆಲಸದಲ್ಲಿ ನಿಪುಣ, ಕಂಪೆನಿಯಿಂದ ಅನ್ಯಾಯವಾಯಿತೆಂಬ ಭ್ರಾಂತಿಯನ್ನು ವರ್ಷವರ್ಷವೂ ಬೆಳೆಸಿಕೊಂಡವನು ಎಂದು ಸೂಚಿಸಿದರು. ಮರುತಿಂಗಳಲ್ಲೇ ಜಾರ್ಜ್ ಮೆಟೆಸ್ಕಿ ಎಂಬಾತನು ಕನೆಕ್ಟಿಕಟ್ ಸಂಸ್ಥಾನದಲ್ಲಿ ತನ್ನ ಇಬ್ಬರು ಸೋದರಿಯರೊಡನೆ ವಾಸಿಸುತ್ತಿದ್ದ ಮನೆಯಲ್ಲಿ ಸೆರೆಯಾದನು. ಊಹೆಯ ಬಹುಭಾಗ ಸರಿಯಾಗಿತ್ತು. ಆದರೆ ಅವನ ಹೆಸರನ್ನು ಹೊರಗೆಡಹಿದ್ದು ಊಹೆಯಲ್ಲ, ಕಂಪೆನಿಯ ಹಳೆಯ ಕಡತ! 1931ರಲ್ಲಿ ಕೆಲಸದಲ್ಲಿದ್ದಾಗ ಅಪಘಾತಕ್ಕೀಡಾಗಿ ಪರಿಹಾರ ಪಡೆಯದೆ ಹೋದ ಅವನು ಬರೆದ ಪತ್ರಗಳಲ್ಲಿ, ಬಾಂಬಿನವನು ಬಳಸುತ್ತಿದ್ದ ಪದಗಳೇ ಇದ್ದುದನ್ನು ಅಲ್ಲಿನ ಗುಮಾಸ್ತೆಯೊಬ್ಬರು ಗುರುತಿಸಿದರು. ಎಲ್ಲಿ ಹುಡುಕಬೇಕೆಂಬುದನ್ನು ಶಾಸ್ತ್ರ ಹೇಳಿತು. ಯಾರೆಂಬುದನ್ನು ದಾಖಲೆ ಹೇಳಿತು.

1972ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆಯಿತು. ಅದರ ಅಧಿಕಾರಿಗಳು ಸೆರೆಮನೆಗಳಿಗೆ ಹೋಗಿ, ಶಿಕ್ಷೆಗೊಳಗಾದ 36 ಮಂದಿ ಕೊಲೆಗಾರರೊಡನೆ ಮಾತಾಡಿ ಅವರ ನಡೆವಳಿಕೆಯನ್ನು ವರ್ಗೀಕರಿಸಿದರು. ಶ್ಲಾಘ್ಯವಾದ ಉದ್ಯಮವೇ ಸರಿ. ಆದರೂ ಮೂವತ್ತಾರು ಜನರ ಮಾತಿನಿಂದ ಮನುಷ್ಯಸ್ವಭಾವದ ಆಳವನ್ನೆಲ್ಲ ಅಳೆದಂತಾಗದು.

ಈ ಮೇರೆಯನ್ನು ಮರೆತರೆ ಆಗುವ ಅನಾಹುತಕ್ಕೆ ಇಂಗ್ಲೆಂಡೇ ಸಾಕ್ಷಿ. 1992ರ ಜುಲೈಯಲ್ಲಿ ಲಂಡನ್ನಿನ ವಿಂಬಲ್ಡನ್ ಬಯಲಿನಲ್ಲಿ ತರುಣ ತಾಯಿಯೊಬ್ಬಳು ಎಳೆಯ ಮಗುವಿನೆದುರಿಗೇ ಕೊಲೆಯಾದಳು. ಮನಶ್ಶಾಸ್ತ್ರಜ್ಞರು ಬರೆದ ಚಿತ್ರಕ್ಕೆ ಹೊಂದುವನೆಂದು ಪೋಲೀಸರು ಒಬ್ಬನನ್ನು ಗುರುತಿಸಿ, ವೇಷಮರೆಸಿಕೊಂಡ ಮಹಿಳಾ ಅಧಿಕಾರಿಯಿಂದ ಸ್ನೇಹ ಬೆಳೆಸಿ ತಪ್ಪೊಪ್ಪಿಗೆ ಪಡೆಯಲೆಳಸಿದರು. ಅವನು ಒಪ್ಪಲಿಲ್ಲ, ಆದರೂ ಒಂದು ವರ್ಷಕ್ಕೆ ಮೀರಿ ಬಂಧನದಲ್ಲಿದ್ದನು. 1994ರಲ್ಲಿ ನ್ಯಾಯಮೂರ್ತಿ ಆಗ್ನಲ್ ಅವರು ಆ ಸಾಕ್ಷ್ಯವನ್ನು ತಳ್ಳಿಹಾಕಿ ಅವನನ್ನು ಬಿಡುಗಡೆಮಾಡಿದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ತಪ್ಪೊಪ್ಪಿಕೊಂಡದ್ದು 2008ರಲ್ಲಿ. ಅವನಾದರೋ 1993ರಲ್ಲಿ, ಪೋಲೀಸರ ದೃಷ್ಟಿ ಅನ್ಯತ್ರ ನೆಟ್ಟಿದ್ದಾಗ, ಮತ್ತೊಬ್ಬ ತಾಯಿಯನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕೊಂದಿದ್ದನು! ನಿರಪರಾಧಿಯನ್ನು ಕಾಡುವುದೆಂದರೆ ಅಪರಾಧಿಗೆ ಅವಕಾಶ ಕೊಡುವುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕೆ?

ನಮ್ಮ ದೇಶದ ನ್ಯಾಯಪದ್ಧತಿ ಈ ವಿಷಯದಲ್ಲಿ ಎಚ್ಚರವಹಿಸಿದೆ. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮೊದಲಾದವುಗಳನ್ನು ಆಪಾದಿತನ ಇಚ್ಛೆಗೆ ವಿರುದ್ಧವಾಗಿ ನಡೆಸಕೂಡದೆಂದೂ, ಸಮ್ಮತಿಯಿಂದ ನಡೆಸಿದರೂ ಅವುಗಳ ಫಲಿತಾಂಶವು ತಾನಾಗಿ ಸಾಕ್ಷ್ಯವಾಗದೆಂದೂ ತೀರ್ಮಾನಿಸಿತು. ಆಪಾದಿತನ ಮನಸ್ಸನ್ನೇ ಪರೀಕ್ಷಿಸಿ ಪಡೆದ ಫಲಕ್ಕೆ ಇಷ್ಟು ಕಟ್ಟುಪಾಡಿರುವಾಗ, ಕಾಣದವನ ಮನಸ್ಸನ್ನು ದೂರದಿಂದ ಊಹಿಸಿದ ಚಿತ್ರಕ್ಕೆ ಇನ್ನೆಷ್ಟು ಕಟ್ಟುಪಾಡಿರಬೇಡ? ಸಾವಿರ ಮಂದಿ ಶಂಕಿತರನ್ನು ನೂರಕ್ಕಿಳಿಸಲು ಮನಶ್ಶಾಸ್ತ್ರ ನೆರವಾಗಲಿ. ಆ ನೂರರಲ್ಲಿ ಒಬ್ಬನ ಕೈಗೆ ಕೋಳ ತೊಡಿಸುವುದಕ್ಕೆ ಮಾತ್ರ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಸಾಕ್ಷ್ಯವೇ ಬೇಕು.